ಹುಡುಕಿದ್ದು ಸಿಗದಿದ್ದಾಗ ಮೆಥಡ್ ಏನು ಹೇಳಬೇಕು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಎರಡು ವರ್ಷಗಳಿಂದ ಜಾವಾ ಪ್ರೋಗ್ರಾಮರ್ ಆಗಿ ಕೆಲಸ ಮಾಡುತ್ತಿದ್ದೇನೆ. ಮಲ್ಲೇಶ್ವರದಲ್ಲಿ ನಮ್ಮ ಮನೆಯ ಹತ್ತಿರ ಪುಸ್ತಕಗಳನ್ನು ಬಾಡಿಗೆಗೆ ಕೊಡುವ ಒಂದು ಚಿಕ್ಕ ಪುಸ್ತಕಾಲಯವಿದೆ. ಅದಕ್ಕಾಗಿ ನಾವು ಮೂವರು ಗೆಳೆಯರು ಬಿಡುವಿನ ವೇಳೆಯಲ್ಲಿ ಒಂದು ಸಾಫ್ಟ್‌ವೇರ್ ಬರೆಯುತ್ತಿದ್ದೇವೆ. ಸದಸ್ಯತ್ವ ಸಂಖ್ಯೆ ಕೊಟ್ಟು ಸದಸ್ಯರನ್ನು, ಶೀರ್ಷಿಕೆ ಕೊಟ್ಟು ಪುಸ್ತಕವನ್ನು ಹುಡುಕುವ ಮೆಥಡ್‌ಗಳು (ಹೆಸರಿಟ್ಟು ಕರೆಯುವ ಕೋಡಿನ ತುಂಡುಗಳು) ಅದರಲ್ಲಿ ತುಂಬ ಇವೆ. ಹುಡುಕಿದ್ದು ಸಿಗದಿದ್ದರೆ ನಾನು ನಲ್ (‘ಏನೂ ಇಲ್ಲ’ ಎಂಬ ಮೌಲ್ಯ) ಹಿಂದಿರುಗಿಸುತ್ತೇನೆ, ಒಬ್ಬ ಗೆಳೆಯ ಎಕ್ಸೆಪ್ಷನ್ (ಕೆಲಸ ನಿಲ್ಲಿಸಿ ದೋಷವನ್ನು ಸಾರುವ ಸಂಕೇತ) ಎಸೆಯುತ್ತಾನೆ, ಇನ್ನೊಬ್ಬ ಗೆಳತಿ ಹೆಸರು, ವಿಳಾಸ ಯಾವುದೂ ಇಲ್ಲದ ಖಾಲಿ ಸದಸ್ಯ ಆಬ್ಜೆಕ್ಟ್ ಕೊಡುತ್ತಾಳೆ. ಇದರಿಂದ ಕೋಡ್ ತುಂಬ ಪರೀಕ್ಷೆಗಳೇ ತುಂಬಿಕೊಂಡಿವೆ, ಆದರೂ ಬಗ್‌ಗಳು ತಪ್ಪಿಲ್ಲ. ಇದನ್ನು ಚೊಕ್ಕವಾಗಿ ನಿಭಾಯಿಸುವ ಸರಿಯಾದ ಕ್ರಮ ಯಾವುದು?

ಉತ್ತರ: ನಿಮ್ಮ ಮೂವರ ಕ್ರಮಗಳೂ ಎಲ್ಲೋ ಒಂದು ಕಡೆ ಸರಿ, ಆದರೆ ಯಾವುದೂ ಎಲ್ಲ ಕಡೆಗೂ ಸರಿಯಲ್ಲ. ಮೂರರಲ್ಲಿ ಒಂದನ್ನು ಆರಿಸಿ ಎಲ್ಲ ಕಡೆಗೂ ಅದನ್ನೇ ಹಾಕಿದರೆ ಕೋಡ್ ಏಕರೂಪವಾಗಿ ಕಾಣುತ್ತದೆ, ಬಗ್‌ಗಳು ಮಾತ್ರ ಉಳಿಯುತ್ತವೆ. ಏಕೆಂದರೆ ನೀವು ಮೂವರೂ ‘ಸಿಗಲಿಲ್ಲ’ ಎಂಬ ಒಂದೇ ಮಾತಿಗೆ ಬೇರೆ ಬೇರೆ ಅರ್ಥಗಳನ್ನು ಕೊಟ್ಟುಕೊಂಡಿದ್ದೀರಿ, ಆ ಅರ್ಥಗಳನ್ನು ಕೋಡಿನಲ್ಲಿ ಎಲ್ಲಿಯೂ ಬರೆದಿಲ್ಲ.

ಪುಸ್ತಕಾಲಯದ ಮೇಜಿನ ಹಿಂದೆ ಕುಳಿತಿರುವವರನ್ನು ನೆನಪಿಸಿಕೊಳ್ಳಿ. ಓದುಗರೊಬ್ಬರು ಬಂದು ಒಂದು ಪುಸ್ತಕ ಕೇಳುತ್ತಾರೆ. ‘ಆ ಪುಸ್ತಕ ನಮ್ಮಲ್ಲಿಲ್ಲ’ ಎನ್ನುವುದು ಒಂದು ಉತ್ತರ. ‘ಇದೆ, ಆದರೆ ಬೇರೆಯವರು ಒಯ್ದಿದ್ದಾರೆ, ಗುರುವಾರ ಬರುತ್ತದೆ’ ಎನ್ನುವುದು ಇನ್ನೊಂದು. ‘ರಿಜಿಸ್ಟರ್ ಇರುವ ಬೀರುವಿನ ಬೀಗದ ಕೈ ನನ್ನಲ್ಲಿಲ್ಲ, ನೋಡದೆ ಹೇಳಲಾರೆ’ ಎನ್ನುವುದು ಮೂರನೆಯದು. ಇನ್ನು ಓದುಗರು ಪುಸ್ತಕ ಹಿಂದಿರುಗಿಸಲು ಬಂದಾಗ, ಪುಸ್ತಕಾಲಯದ ಮೊಹರಿರುವ ಆ ಪುಸ್ತಕದ ಸಂಖ್ಯೆ ರಿಜಿಸ್ಟರಿನಲ್ಲೇ ಇಲ್ಲದಿದ್ದರೆ ಅದು ನಾಲ್ಕನೆಯ ಸ್ಥಿತಿ: ಇರಲೇಬೇಕಾಗಿದ್ದದ್ದು ಇಲ್ಲ, ಎಲ್ಲೋ ತಪ್ಪು ನಡೆದಿದೆ. ಕನ್ನಡದಲ್ಲಿ ನಾವು ‘ಇಲ್ಲ’ವನ್ನೂ ‘ಗೊತ್ತಿಲ್ಲ’ವನ್ನೂ ‘ಇರಬೇಕಿತ್ತಲ್ಲ!’ ಎಂಬ ಉದ್ಗಾರವನ್ನೂ ಎಂದೂ ಒಂದಕ್ಕೊಂದು ಬೆರೆಸುವುದಿಲ್ಲ. ನಿಮ್ಮ ಮೆಥಡ್‌ಗಳೂ ಬೆರೆಸಬಾರದು. ನಾನು ಕೆಳಗೆ ಹೇಳುವುದೆಲ್ಲವೂ ಈ ಒಂದು ಮಾತಿನ ವಿಸ್ತರಣೆ.

ಮೊದಲು ನಲ್ ಬಗ್ಗೆ. ನಲ್ ರೆಫರೆನ್ಸನ್ನು ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರು 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗಾಗಿ ರೂಪಿಸಿದರು. ಅದನ್ನು ಅಳವಡಿಸುವುದು ಬಹಳ ಸುಲಭವಾಗಿದ್ದುದರಿಂದ ಆಸೆ ತಡೆಯಲಾಗದೆ ಸೇರಿಸಿಬಿಟ್ಟೆ ಎಂದು 2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ಅವರೇ ಹೇಳಿಕೊಂಡು, ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಕರೆದರು. ಆದರೆ ನಲ್ ಏಕೆ ಕಾಡುತ್ತದೆ ಎಂಬುದನ್ನು ತಿಳಿಯದೆ ಅದನ್ನು ಬಿಟ್ಟರೆ, ಅದೇ ತೊಂದರೆಯನ್ನು ಬೇರೆ ಹೆಸರಿನಲ್ಲಿ ಮತ್ತೆ ತಂದುಕೊಳ್ಳುತ್ತೀರಿ.

ನಲ್‌ನ ಮುಖ್ಯ ತೊಂದರೆ ದೂರದ್ದು. ಸದಸ್ಯರನ್ನು ಹುಡುಕುವ ಮೆಥಡ್ ಒಂದು ಕ್ಲಾಸಿನಲ್ಲಿ ನಲ್ ಹಿಂದಿರುಗಿಸುತ್ತದೆ, ಅದನ್ನು ಪಡೆದವರು ಪರೀಕ್ಷಿಸದೆ ಒಂದು ಫೀಲ್ಡಿನಲ್ಲಿ ಇಡುತ್ತಾರೆ, ಮೂರು ಕ್ಲಾಸುಗಳ ಆಚೆ ದಂಡ ಲೆಕ್ಕ ಹಾಕುವಾಗ ಪ್ರೋಗ್ರಾಮ್ ಬೀಳುತ್ತದೆ. ಬಿದ್ದ ಜಾಗ ನಿಮಗೆ ಕಾಣುತ್ತದೆ, ಎಡವಿದ ಜಾಗ ಕಾಣುವುದಿಲ್ಲ. ಜಾವಾ 14ರಲ್ಲಿ ಬಂದು 15ರಿಂದ ತಾನಾಗಿಯೇ ಚಾಲ್ತಿಯಲ್ಲಿರುವ ವಿವರವಾದ ನಲ್ ಪಾಯಿಂಟರ್ ಸಂದೇಶಗಳು ಕೋಡಿನ ಯಾವ ಭಾಗ ನಲ್ ಆಗಿತ್ತು ಎಂಬುದನ್ನು ಹೇಳುತ್ತವೆ. ಅದು ಯಾವ ಕಾರಣಕ್ಕೆ ನಲ್ ಆಯಿತು ಎಂಬುದನ್ನು ಅವೂ ಹೇಳಲಾರವು. ಎರಡನೆಯ ತೊಂದರೆ ಅಸ್ಪಷ್ಟತೆ. ಕೀಲಿಗೆ ಎದುರಾಗಿ ಮೌಲ್ಯವನ್ನು ಇಟ್ಟುಕೊಳ್ಳುವ ಹ್ಯಾಶ್‌ಮ್ಯಾಪ್ ಒಂದನ್ನು ಕೀಲಿ ಕೊಟ್ಟು ಕೇಳಿದಾಗ ನಲ್ ಬಂದರೆ, ಆ ಕೀಲಿಯೇ ಇಲ್ಲವೋ ಅಥವಾ ಕೀಲಿ ಇದ್ದು ಅದರ ಎದುರು ನಲ್ ಇಟ್ಟಿದ್ದಾರೋ ಗೊತ್ತಾಗುವುದಿಲ್ಲ. ಕೀಲಿ ಇದೆಯೇ ಎಂದು ಮತ್ತೊಮ್ಮೆ ಕೇಳಬೇಕು. ಹಲವು ಥ್ರೆಡ್‌ಗಳು (ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ನಡೆಯುವ ಕೆಲಸಗಳು) ಒಟ್ಟಿಗೆ ಬಳಸುವ ಮ್ಯಾಪಿನಲ್ಲಿ ಈ ಎರಡು ಪ್ರಶ್ನೆಗಳ ನಡುವೆಯೇ ಉತ್ತರ ಬದಲಾಗಿರಬಹುದು. ಕನ್‌ಕರೆಂಟ್ ಹ್ಯಾಶ್‌ಮ್ಯಾಪ್ ನಲ್ ಅನ್ನು ಮೌಲ್ಯವಾಗಿ ಒಳಗೆ ಬಿಡದಿರುವುದಕ್ಕೆ ಮುಖ್ಯ ಕಾರಣ ಇದೇ.

ನಲ್‌ನಂಥದೇ ಹಳೆಯ ಇನ್ನೊಂದು ಅಭ್ಯಾಸವೂ ಇದೆ, ಅದು ನಿಮ್ಮ ಕೋಡಿನಲ್ಲೂ ಎಲ್ಲೋ ಇರಬಹುದು. ಸಿಗದಿದ್ದರೆ -1 ಕೊಡುವುದು. ಒಂದು ಅಕ್ಷರ ಎಷ್ಟನೆಯ ಸ್ಥಾನದಲ್ಲಿದೆ ಎಂದು ಹೇಳುವ ಜಾವಾದ ಇಂಡೆಕ್ಸ್‌ಆಫ್ ಹೀಗೆಯೇ ಮಾಡುತ್ತದೆ. ಶೀರ್ಷಿಕೆಯಲ್ಲಿ ವಿವರಣಾತ್ಮಕ ಚಿಹ್ನೆಯ (:) ನಂತರದ ಉಪಶೀರ್ಷಿಕೆಯನ್ನು ಬೇರ್ಪಡಿಸಲು, ಆ ಚಿಹ್ನೆ ಇರುವ ಸ್ಥಾನಕ್ಕೆ 1 ಕೂಡಿಸಿ ಅಲ್ಲಿಂದ ಮುಂದಿನ ಭಾಗವನ್ನು ತೆಗೆದುಕೊಳ್ಳುವ ಕೋಡನ್ನು ಯೋಚಿಸಿ. ಚಿಹ್ನೆಯೇ ಇಲ್ಲದ ಶೀರ್ಷಿಕೆ ಬಂದರೆ -1ಕ್ಕೆ 1 ಕೂಡಿ 0 ಆಗುತ್ತದೆ, ಇಡೀ ಶೀರ್ಷಿಕೆಯೇ ಉಪಶೀರ್ಷಿಕೆಯಾಗಿ ಡೇಟಾಬೇಸಿಗೆ ಹೋಗಿ ಕೂರುತ್ತದೆ, ಯಾರಿಗೂ ಯಾವ ದೋಷವೂ ಕಾಣುವುದಿಲ್ಲ. ಪೈಥಾನಿನಲ್ಲಿ ಇದು ಇನ್ನೂ ಅಪಾಯಕಾರಿ, ಏಕೆಂದರೆ ಅಲ್ಲಿ -1 ಎನ್ನುವುದು ಕೊನೆಯ ಅಕ್ಷರದ ಸ್ಥಾನ. ಅಲ್ಲಿನ ಹುಡುಕುವ ಮೆಥಡ್ ಫೈಂಡ್ ಕೊಟ್ಟ ಉತ್ತರವನ್ನು ಹಾಗೆಯೇ ಸ್ಥಾನವಾಗಿ ಬಳಸಿದರೆ ಸಿಗದ ಅಕ್ಷರದ ಬದಲು ಕೊನೆಯ ಅಕ್ಷರ ಸಿಗುತ್ತದೆ. ಅಲ್ಲಿ ಸಿಗದಿದ್ದರೆ ವ್ಯಾಲ್ಯೂ ಎರರ್ ಎಂಬ ಎಕ್ಸೆಪ್ಷನ್ ಎಸೆಯುವ ಇಂಡೆಕ್ಸ್ ಎಂಬ ಇನ್ನೊಂದು ಮೆಥಡ್ ಕೂಡ ಇದೆ. ಪ್ರೋಗ್ರಾಮ್ ಬೀಳುವುದಕ್ಕಿಂತ ಸುಳ್ಳು ಉತ್ತರ ಹೊತ್ತು ಮುಂದೆ ಸಾಗುವುದು ಹೆಚ್ಚು ಕೆಟ್ಟದ್ದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ನಿಮ್ಮ ಗೆಳತಿಯ ಖಾಲಿ ಸದಸ್ಯರ ಬಗ್ಗೆ ಮಾತನಾಡುವಾಗ ಇದೇ ಮಾತು ಮತ್ತೆ ಬರುತ್ತದೆ.

ಸುಲಭವಾದ ಒಂದು ಸಂಗತಿಯನ್ನು ಇಲ್ಲೇ ಮುಗಿಸಿಬಿಡೋಣ. ಸೊನ್ನೆ, ಒಂದು ಅಥವಾ ಹಲವು ಫಲಿತಾಂಶಗಳು ಬರಬಹುದಾದ ಹುಡುಕಾಟ, ಉದಾಹರಣೆಗೆ ಲೇಖಕರ ಹೆಸರಿನಿಂದ ಪುಸ್ತಕಗಳನ್ನು ಹುಡುಕುವುದು, ಯಾವಾಗಲೂ ಲಿಸ್ಟನ್ನೇ ಹಿಂದಿರುಗಿಸಲಿ. ಏನೂ ಸಿಗದಿದ್ದರೆ ಖಾಲಿ ಲಿಸ್ಟ್. ಅದರ ಮೇಲೆ ಲೂಪ್ ಓಡಿಸಿದರೆ ಒಂದೂ ಸುತ್ತು ನಡೆಯುವುದಿಲ್ಲ, ಎಣಿಸಿದರೆ ಸೊನ್ನೆ ಬರುತ್ತದೆ, ಎರಡೂ ನಿಜವಾದ ಉತ್ತರಗಳೇ. ಲಿಸ್ಟಿನ ಬದಲು ನಲ್ ಕೊಡುವುದಕ್ಕೆ ನನಗೆ ಇದುವರೆಗೆ ಒಂದೂ ಒಳ್ಳೆಯ ಕಾರಣ ಕಂಡಿಲ್ಲ. ಲಿಸ್ಟನ್ನು ಆಪ್ಷನಲ್ (ಒಂದು ವಸ್ತು ಇರಬಹುದಾದ ಅಥವಾ ಖಾಲಿಯಿರಬಹುದಾದ ಡಬ್ಬಿ, ಅದರ ಬಗ್ಗೆ ಮುಂದೆ ಹೇಳುತ್ತೇನೆ) ಒಳಗೆ ಸುತ್ತಿ ಕೊಡುವುದೂ ಬೇಡ, ಖಾಲಿತನವನ್ನು ಎರಡು ಸಲ ಹೇಳಿದಂತಾಗುತ್ತದೆ.

ಈಗ ಒಂದೇ ವಸ್ತುವಿನ ಹುಡುಕಾಟಕ್ಕೆ ಬರೋಣ. ಸದಸ್ಯತ್ವ ಸಂಖ್ಯೆಯನ್ನು ಕೌಂಟರಿನಲ್ಲಿ ಯಾರೋ ಬೆರಳಚ್ಚು ಮಾಡಿದ್ದಾರೆ. ತಪ್ಪು ಸಂಖ್ಯೆ ಹಾಕುವುದು ದಿನಕ್ಕೆ ಹತ್ತು ಸಲ ನಡೆಯುವ ಸಹಜ ಸಂಗತಿ. ಇಲ್ಲಿ ‘ಇಲ್ಲ’ ಎನ್ನುವುದು ಗೌರವದ ಉತ್ತರ, ಆದ್ದರಿಂದ ಅದು ಮೆಥಡಿನ ಸಹಿಯಲ್ಲೇ, ಎಂದರೆ ಹಿಂದಿರುಗುವ ಟೈಪಿನಲ್ಲೇ ಕಾಣಬೇಕು. 2014ರ ಮಾರ್ಚಿನಲ್ಲಿ ಬಂದ ಜಾವಾ 8ರ ಆಪ್ಷನಲ್ ಕ್ಲಾಸ್ ಇರುವುದು ಇದಕ್ಕಾಗಿ. ಸದಸ್ಯ ಎಂಬ ಟೈಪನ್ನು ಹಿಂದಿರುಗಿಸುವ ಮೆಥಡ್ ‘ಸದಸ್ಯರನ್ನು ಕೊಡುತ್ತೇನೆ’ ಎಂದು ಮಾತು ಕೊಡುತ್ತದೆ. ಸದಸ್ಯರ ಆಪ್ಷನಲ್ ಹಿಂದಿರುಗಿಸುವ ಮೆಥಡ್ ‘ಸಿಕ್ಕರೆ ಕೊಡುತ್ತೇನೆ, ಸಿಗದಿದ್ದರೆ ಏನು ಮಾಡುತ್ತೀರಿ ಎಂದು ಈಗಲೇ ಯೋಚಿಸಿಕೊಳ್ಳಿ’ ಎನ್ನುತ್ತದೆ. ಹೀಗೆ ಎಡವುವ ಜಾಗವೂ ಎಚ್ಚರಿಕೆಯ ಫಲಕವೂ ಒಂದೇ ಕಡೆ ಬರುತ್ತವೆ. ಡೇಟಾಬೇಸ್ ಕೆಲಸಕ್ಕೆ ಸ್ಪ್ರಿಂಗ್ ಡೇಟಾ ಎಂಬ ಜಾವಾ ಲೈಬ್ರರಿ ಬಳಸುತ್ತಿದ್ದರೆ ಅದರ 2.0 ಆವೃತ್ತಿಯಿಂದ ಐಡಿ ಕೊಟ್ಟು ಹುಡುಕುವ ಮೆಥಡ್ ಆಪ್ಷನಲ್ಲನ್ನೇ ಕೊಡುತ್ತದೆ, ಅದಕ್ಕೂ ಮೊದಲು ನಲ್ ಕೊಡುತ್ತಿತ್ತು.

ಆಪ್ಷನಲ್ ಅನ್ನು ಬಳಸುವ ರೀತಿಯಲ್ಲಿ ಹೆಚ್ಚಿನವರು ಎಡವುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅದರೊಳಗೆ ಏನಾದರೂ ಇದೆಯೇ ಎಂದು ಇಫ್ ಹಾಕಿ ಕೇಳಿ, ಇದ್ದರೆ ಗೆಟ್ ಕರೆದು ತೆಗೆಯುವ ಕೋಡ್ ನೋಡಲು ಹೊಸದಾಗಿದ್ದರೂ ಹಳೆಯ ನಲ್ ಪರೀಕ್ಷೆಯೇ. ಅದರ ಬದಲು ಮುಂದೆ ಮಾಡಬೇಕಾದ ಕೆಲಸವನ್ನು ಆಪ್ಷನಲ್‌ಗೇ ಒಪ್ಪಿಸಿ: ಸದಸ್ಯರು ಸಿಕ್ಕರೆ ಅವರ ಬಾಕಿಯನ್ನು ಮ್ಯಾಪ್ ಮೂಲಕ ತೆಗೆ, ಬಾಕಿ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಫಿಲ್ಟರ್ ಮೂಲಕ ಉಳಿಸಿಕೊ, ಇದ್ದರೆ ಇದನ್ನು ಮಾಡು ಇಲ್ಲದಿದ್ದರೆ ಅದನ್ನು ಮಾಡು ಎಂದು ಜಾವಾ 9ರಲ್ಲಿ ಬಂದ ಇಫ್ ಪ್ರೆಸೆಂಟ್ ಆರ್ ಎಲ್ಸ್ ಮೂಲಕ ಎರಡೂ ದಾರಿಗಳನ್ನು ಒಟ್ಟಿಗೆ ಕೊಡು. ಆರ್ ಎಲ್ಸ್ ಮತ್ತು ಆರ್ ಎಲ್ಸ್ ಗೆಟ್ ಎರಡರ ನಡುವಿನ ವ್ಯತ್ಯಾಸವನ್ನೂ ಗಮನಿಸಿ. ಮೊದಲನೆಯದಕ್ಕೆ ಕೊಟ್ಟ ಬದಲಿ ಮೌಲ್ಯದ ಲೆಕ್ಕ ಸದಸ್ಯರು ಸಿಕ್ಕಿದ್ದರೂ ನಡೆದುಬಿಟ್ಟಿರುತ್ತದೆ. ಆ ಬದಲಿ ಮೌಲ್ಯ ‘ಹೊಸ ಸದಸ್ಯರನ್ನು ಸೃಷ್ಟಿಸಿ ಡೇಟಾಬೇಸಿಗೆ ಸೇರಿಸು’ ಎಂಬ ಮೆಥಡಿನ ಕರೆಯಾಗಿದ್ದರೆ ಹಳೆಯ ಸದಸ್ಯರು ಬಂದಾಗಲೆಲ್ಲ ಒಬ್ಬೊಬ್ಬ ಹೊಸ ಸದಸ್ಯರು ಹುಟ್ಟಿಕೊಳ್ಳುತ್ತಾರೆ. ಎರಡನೆಯದು ಬೇಕಾದಾಗ ಮಾತ್ರ ಲೆಕ್ಕ ಮಾಡುತ್ತದೆ. ಇನ್ನು, ಆಪ್ಷನಲ್ ಅನ್ನು ಕ್ಲಾಸಿನ ಫೀಲ್ಡಾಗಿಯೂ ಮೆಥಡಿನ ಪ್ಯಾರಾಮೀಟರ್ ಆಗಿಯೂ ಬಳಸಬೇಡಿ. ಅದನ್ನು ರೂಪಿಸಿದ್ದು ಹಿಂದಿರುಗುವ ಮೌಲ್ಯಕ್ಕಾಗಿ, ಅದು ಸೀರಿಯಲೈಸ್ ಆಗುವ (ಬೈಟ್‌ಗಳಾಗಿ ಬರೆದಿಡಬಹುದಾದ) ಕ್ಲಾಸೂ ಅಲ್ಲ. ಆಪ್ಷನಲ್ ಹಿಂದಿರುಗಿಸಬೇಕಾದ ಮೆಥಡಿನಿಂದ ನಲ್ ಹಿಂದಿರುಗಿಸುವುದನ್ನು ಜಾವಾ ಕಂಪೈಲರ್ ತಡೆಯುವುದಿಲ್ಲ, ಅದನ್ನು ನಿಮ್ಮ ಕೋಡ್ ರಿವ್ಯೂ ತಡೆಯಬೇಕು.

ಮುಂದೆ ಕೋಟ್ಲಿನ್ ಭಾಷೆಯ ಕಡೆ ಹೋದರೆ ಇದಿಷ್ಟೂ ಭಾಷೆಯೊಳಗೇ ಸಿಗುತ್ತದೆ. 2016ರಲ್ಲಿ ಅದರ 1.0 ಆವೃತ್ತಿ ಬಂದಾಗಿನಿಂದಲೂ ಟೈಪಿನ ಪಕ್ಕದ ಪ್ರಶ್ನಾರ್ಥಕ ಚಿಹ್ನೆಯೇ ‘ಇಲ್ಲದಿರಬಹುದು’ ಎಂದು ಹೇಳುತ್ತದೆ, ಪರೀಕ್ಷಿಸದೆ ಬಳಸಿದರೆ ಕಂಪೈಲರೇ ಒಪ್ಪುವುದಿಲ್ಲ. ಹಾಗಾಗಿ ನಲ್ ಎಂಬುದು ಎಲ್ಲಿದ್ದರೂ ಪಾಪ ಎಂದು ತಿಳಿಯಬೇಕಾಗಿಲ್ಲ. ಟೈಪಿನಲ್ಲಿ ಘೋಷಿಸದೆ ಕದ್ದು ಬರುವ ನಲ್ ಮಾತ್ರ ಅಪಾಯ.

ನಿಮ್ಮ ಗೆಳೆಯನ ಎಕ್ಸೆಪ್ಷನ್ ಎಲ್ಲಿ ಸರಿ? ಪುಸ್ತಕ ಹಿಂದಿರುಗಿಸುವ ಉದಾಹರಣೆಯಂಥ ಕಡೆ. ಎರವಲು ದಾಖಲೆಯೊಂದರಲ್ಲಿ ಸದಸ್ಯತ್ವ ಸಂಖ್ಯೆ 412 ಎಂದು ನಿಮ್ಮ ಪ್ರೋಗ್ರಾಮೇ ಬರೆದಿಟ್ಟಿದೆ. ಈಗ ಆ ಸಂಖ್ಯೆಯ ಸದಸ್ಯರನ್ನು ಕೇಳಿದರೆ ಸಿಗುವುದಿಲ್ಲ ಎಂದಾದರೆ ದಾಖಲೆ ಕೆಟ್ಟಿದೆ ಎಂದೇ ಅರ್ಥ. ಇಂಥಲ್ಲಿ ಆಪ್ಷನಲ್ ಕೊಟ್ಟರೆ ಕರೆದವರು ಅರ್ಥವಿಲ್ಲದ ‘ಇಲ್ಲದಿದ್ದರೆ’ ದಾರಿಯೊಂದನ್ನು ಕಲ್ಪಿಸಿಕೊಂಡು ಬರೆಯಬೇಕಾಗುತ್ತದೆ, ಹೆಚ್ಚಿನವರು ಅಲ್ಲಿ ಏನೂ ಮಾಡದೆ ಮುಂದೆ ಹೋಗುತ್ತಾರೆ, ಕೆಟ್ಟ ದಾಖಲೆ ಹಾಗೆಯೇ ಉಳಿಯುತ್ತದೆ. ಇಲ್ಲಿ ಎಕ್ಸೆಪ್ಷನ್ ಎಸೆಯಿರಿ, ಆದರೆ ‘ಸಿಗಲಿಲ್ಲ’ ಎಂಬ ಬರೀ ಮಾತಿನೊಂದಿಗೆ ಎಸೆಯಬೇಡಿ. ಯಾವ ಸಂಖ್ಯೆಯನ್ನು ಎಲ್ಲಿ ಹುಡುಕಿದಿರಿ, ಯಾವ ಎರವಲು ದಾಖಲೆಯ ಕಾರಣಕ್ಕೆ ಹುಡುಕಿದಿರಿ ಎಂಬುದೂ ಅದರಲ್ಲಿರಲಿ. ರಾತ್ರಿ ಹನ್ನೊಂದು ಗಂಟೆಗೆ ಲಾಗ್ ಓದುವವರು ನೀವೇ ಆಗಿರುತ್ತೀರಿ.

ಹಾಗಾದರೆ ಒಂದೇ ಸದಸ್ಯರ ಹುಡುಕಾಟಕ್ಕೆ ಎರಡು ಮೆಥಡ್ ಬೇಕೇ ಎಂದು ನೀವು ಕೇಳಬಹುದು. ಬೇಕು, ಮತ್ತು ಅವುಗಳ ಹೆಸರು ಬೇರೆಯಾಗಿರಬೇಕು. ಕನ್ನಡದ ಎರಡು ಕ್ರಿಯಾಪದಗಳನ್ನೇ ತೆಗೆದುಕೊಳ್ಳಿ. ‘ಹುಡುಕು’ ಎಂದು ಕಳುಹಿಸಿದವರು ಬರಿಗೈಯಲ್ಲಿ ಬಂದರೆ ಯಾರೂ ಬೈಯುವುದಿಲ್ಲ. ‘ತಾ’ ಎಂದು ಕಳುಹಿಸಿದವರು ಬರಿಗೈಯಲ್ಲಿ ಬಂದರೆ ಕಾರಣ ಹೇಳಬೇಕು. ಹುಡುಕು ಎಂಬ ಅರ್ಥದ ಹೆಸರಿರುವ ಮೆಥಡ್‌ಗಳೆಲ್ಲ ಆಪ್ಷನಲ್ ಕೊಡಲಿ, ತಾ ಎಂಬ ಅರ್ಥದವು ವಸ್ತುವನ್ನೇ ಕೊಡಲಿ ಅಥವಾ ಎಕ್ಸೆಪ್ಷನ್ ಎಸೆಯಲಿ. ಎರಡನೆಯದನ್ನು ಮೊದಲನೆಯದರ ಮೇಲೆ ಒಂದೇ ಸಾಲಿನಲ್ಲಿ ಬರೆಯಬಹುದು, ಆರ್ ಎಲ್ಸ್ ಥ್ರೋ ಇರುವುದು ಅದಕ್ಕೇ. ಇದು ನನ್ನ ಕಲ್ಪನೆಯ ಕ್ರಮವಲ್ಲ. ವೆಬ್ ತಂತ್ರಾಂಶ ಬರೆಯಲು ಬಳಸುವ ರೂಬಿ ಆನ್ ರೇಲ್ಸಿನಲ್ಲಿ ಐಡಿ ಕೊಟ್ಟು ಫೈಂಡ್ ಕರೆದರೆ ದಾಖಲೆ ಸಿಗದಾಗ ಎಕ್ಸೆಪ್ಷನ್ ಬರುತ್ತದೆ, ಫೈಂಡ್ ಬೈ ಕರೆದರೆ ನಿಲ್, ಎಂದರೆ ಅಲ್ಲಿನ ನಲ್ ಬರುತ್ತದೆ. ಪೈಥಾನಿನಲ್ಲಿ ಅಂಥದೇ ಆದ ಜಾಂಗೋದಲ್ಲಿ ಗೆಟ್ ಕರೆದರೆ ಎಕ್ಸೆಪ್ಷನ್, ಫಿಲ್ಟರ್ ಮಾಡಿ ಮೊದಲನೆಯದನ್ನು ಕೇಳಿದರೆ ನನ್, ಎಂದರೆ ಪೈಥಾನಿನ ನಲ್. ಕೋಟ್ಲಿನ್‌ನಲ್ಲಿ ಫಸ್ಟ್ ಮತ್ತು ಫಸ್ಟ್ ಆರ್ ನಲ್. ಸಿ ಶಾರ್ಪ್‌ನಲ್ಲಿ ಫಸ್ಟ್ ಮತ್ತು ಫಸ್ಟ್ ಆರ್ ಡಿಫಾಲ್ಟ್. ಬೇರೆ ಬೇರೆ ಭಾಷೆಗಳ ಜನ ಇದೇ ಜೋಡಿಗೆ ಬಂದು ಮುಟ್ಟಿರುವುದು ಆಕಸ್ಮಿಕವಲ್ಲ ಎಂದು ನಾನು ನಂಬುತ್ತೇನೆ. ಆದರೆ ರೇಲ್ಸಿನಲ್ಲಿ ಫೈಂಡ್ ಎಂಬ ಹೆಸರು ಎಕ್ಸೆಪ್ಷನ್ ಎಸೆಯುತ್ತದೆ, ಸ್ಪ್ರಿಂಗಿನಲ್ಲಿ ಅದೇ ಹೆಸರು ಆಪ್ಷನಲ್ ಕೊಡುತ್ತದೆ ಎಂಬುದನ್ನು ನೋಡಿ. ಹೆಸರಿನ ಅರ್ಥವನ್ನು ನೀವು ಮೂವರೇ ಕುಳಿತು ನಿಶ್ಚಯಿಸಿಕೊಂಡು, ಬರೆದಿಟ್ಟುಕೊಳ್ಳಬೇಕು.

ನಿಮ್ಮ ಗೆಳತಿಯ ಖಾಲಿ ಸದಸ್ಯ ಆಬ್ಜೆಕ್ಟ್ ಎಂಬುದಕ್ಕೆ ನಲ್ ಆಬ್ಜೆಕ್ಟ್ ಪ್ಯಾಟರ್ನ್ ಎಂಬ ಹೆಸರಿದೆ, 1990ರ ದಶಕದಲ್ಲಿ ಬಾಬಿ ವುಲ್ಫ್ ಅದನ್ನು ವಿವರಿಸಿದರು. ಮೂರರಲ್ಲಿ ಇದೇ ಹೆಚ್ಚು ಆಬ್ಜೆಕ್ಟ್ ಓರಿಯೆಂಟೆಡ್ ಆದ ಉಪಾಯ, ಏಕೆಂದರೆ ಇಫ್ ಹಾಕಿ ಕೇಳುವ ಬದಲು ಆಬ್ಜೆಕ್ಟೇ ತನ್ನ ರೀತಿಯಲ್ಲಿ ವರ್ತಿಸುತ್ತದೆ. ಆದರೆ ಅದನ್ನು ಬಳಸುವ ಮೊದಲು ಒಂದು ಪರೀಕ್ಷೆ ಮಾಡಿ: ಆ ಕ್ಲಾಸಿನ ಪ್ರತಿಯೊಂದು ಮೆಥಡಿಗೂ ಈ ಇಲ್ಲದ ವಸ್ತು ಪ್ರಾಮಾಣಿಕ ಉತ್ತರ ಕೊಡಬಲ್ಲದೇ? ನಿಮ್ಮ ಪುಸ್ತಕಾಲಯದಲ್ಲಿ ಮೊಬೈಲ್ ಸಂಖ್ಯೆ ಕೊಡದ ಸದಸ್ಯರಿರುತ್ತಾರೆ. ನೆನಪೋಲೆ ಕಳುಹಿಸುವ ಇಂಟರ್‌ಫೇಸಿಗೆ ‘ಏನೂ ಕಳುಹಿಸದ’ ಒಂದು ಕ್ಲಾಸ್ ಬರೆದು ಅಂಥವರಿಗೆ ಜೋಡಿಸಿದರೆ ಬಹಳ ಚೆನ್ನ. ಅದರ ಒಂದೇ ಮೆಥಡ್ ಏನೂ ಮಾಡದಿರುವುದೇ ಅಲ್ಲಿ ಸರಿಯಾದ ವರ್ತನೆ. ಆದರೆ ಖಾಲಿ ಸದಸ್ಯರ ಹೆಸರೇನು? ಖಾಲಿ ಸ್ಟ್ರಿಂಗ್. ಅವರ ಬಾಕಿ ಎಷ್ಟು? ಸೊನ್ನೆ. ಅವರಿಗೆ ಪುಸ್ತಕ ಎರವಲು ಕೊಡಬಹುದೇ? ಬಾಕಿ ಸೊನ್ನೆ ಇರುವುದರಿಂದ ಕೊಡಬಹುದು ಎಂದು ನಿಮ್ಮ ನಿಯಮ ಹೇಳುತ್ತದೆ, ಪುಸ್ತಕ ಯಾರೂ ಅಲ್ಲದವರ ಹೆಸರಿಗೆ ಹೊರಟುಹೋಗುತ್ತದೆ. -1ರ ಬಗ್ಗೆ ಹೇಳಿದ ಅಪಾಯವೇ ಇದು, ವೇಷ ಮಾತ್ರ ಬೇರೆ. ಗೆಳತಿಯ ಕೋಡಿನಲ್ಲಿ ಬದಲಾಯಿಸಬೇಕಾದದ್ದು ಸದಸ್ಯ ಕ್ಲಾಸಿನ ಖಾಲಿ ರೂಪ ಮಾತ್ರ, ಆ ಉಪಾಯವನ್ನೇ ಕೈಬಿಡುವ ಅಗತ್ಯವಿಲ್ಲ.

ಮೊದಲು ಹೇಳಿದ ‘ಇದೆ, ಆದರೆ ಗುರುವಾರ ಬರುತ್ತದೆ’ ಎಂಬ ಉತ್ತರಕ್ಕೆ ಈ ಮೂರರಲ್ಲಿ ಯಾವುದೂ ಸಾಲದು. ಆಪ್ಷನಲ್‌ಗೆ ಎರಡೇ ಸ್ಥಿತಿ ಗೊತ್ತು. ಇಲ್ಲಿ ನಿಮ್ಮದೇ ಟೈಪ್ ಮಾಡಿಕೊಳ್ಳಿ. ಜಾವಾ 17ರಿಂದ ಸೀಲ್ಡ್ ಇಂಟರ್‌ಫೇಸ್, ಎಂದರೆ ತನ್ನ ರೂಪಗಳು ಯಾವುವು ಎಂದು ಮೊದಲೇ ಗೊತ್ತುಮಾಡಿರುವ ಟೈಪ್ ಇದೆ: ಹುಡುಕಾಟದ ಫಲ ಎಂಬ ಇಂಟರ್‌ಫೇಸಿಗೆ ‘ಕಪಾಟಿನಲ್ಲಿದೆ’, ‘ಹೊರಗಿದೆ’, ‘ನಮ್ಮಲ್ಲಿಲ್ಲ’ ಎಂಬ ಮೂರೇ ರೆಕಾರ್ಡುಗಳಿರಲಿ. ಮೊದಲನೆಯದರಲ್ಲಿ ಪುಸ್ತಕ ಮತ್ತು ಕಪಾಟಿನ ಸಂಖ್ಯೆ, ಎರಡನೆಯದರಲ್ಲಿ ಪುಸ್ತಕ ಮತ್ತು ಹಿಂದಿರುಗುವ ದಿನಾಂಕ, ಮೂರನೆಯದರಲ್ಲಿ ಓದುಗರು ಕೇಳಿದ ಶೀರ್ಷಿಕೆ. ಜಾವಾ 21ರ ಸ್ವಿಚ್‌ನಲ್ಲಿ ಈ ಮೂರನ್ನೂ ಬೇರೆ ಬೇರೆಯಾಗಿ ನಿಭಾಯಿಸಬಹುದು, ಒಂದನ್ನು ಬಿಟ್ಟರೆ ಕಂಪೈಲರ್ ತಡೆಯುತ್ತದೆ. ಮುಂದೊಂದು ದಿನ ‘ಬೈಂಡಿಂಗ್‌ಗೆ ಹೋಗಿದೆ’ ಎಂಬ ನಾಲ್ಕನೆಯ ಸ್ಥಿತಿ ಸೇರಿಸಿದಾಗ, ಬದಲಾಯಿಸಬೇಕಾದ ಜಾಗಗಳನ್ನೆಲ್ಲ ಅದೇ ತೋರಿಸಿಕೊಡುತ್ತದೆ. ಆದರೆ ಡಿಫಾಲ್ಟ್ ಎಂಬ ಕೊನೆಯ ಸಾಲನ್ನು ಹಾಕಿದ್ದರೆ ಈ ಅನುಕೂಲ ಹೋಗಿಬಿಡುತ್ತದೆ, ಆದ್ದರಿಂದ ಹಾಕಬೇಡಿ. ಎಲ್ಲ ಹುಡುಕಾಟಕ್ಕೂ ಇಷ್ಟು ಮಾಡುವ ಅಗತ್ಯವಿಲ್ಲ. ‘ಇಲ್ಲ’ಕ್ಕೆ ಕಾರಣವಿದ್ದು, ಆ ಕಾರಣಕ್ಕೆ ತಕ್ಕಂತೆ ಕರೆದವರ ಮುಂದಿನ ನಡೆ ಬದಲಾಗುವುದಾದರೆ ಮಾತ್ರ ಮಾಡಿ.

ಇನ್ನುಳಿದದ್ದು ‘ಗೊತ್ತಿಲ್ಲ’. ನನ್ನ ದೃಷ್ಟಿಯಲ್ಲಿ ಇದೇ ಎಲ್ಲಕ್ಕಿಂತ ಮುಖ್ಯವಾದದ್ದು, ಇದರ ಬೆಲೆ ನಾನೇ ತೆತ್ತಿದ್ದೇನೆ. ಹಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ಗ್ರಾಹಕರನ್ನು ಹುಡುಕುವ ಮೆಥಡ್ ಒಂದನ್ನು ಬರೆದಿದ್ದೆ. ಡೇಟಾಬೇಸ್ ಸಂಪರ್ಕ ಕಡಿದು ಎಕ್ಸೆಪ್ಷನ್ ಬಂದರೆ ಪರದೆಯ ಮೇಲೆ ಕೆಟ್ಟ ಸಂದೇಶ ಕಾಣಬಾರದೆಂದು ಅದನ್ನು ಹಿಡಿದು, ಲಾಗ್‌ನಲ್ಲಿ ಒಂದು ಸಾಲು ಬರೆದು, ‘ಸಿಗಲಿಲ್ಲ’ ಎಂಬ ಉತ್ತರವನ್ನೇ ಹಿಂದಿರುಗಿಸಿದ್ದೆ. ಕರೆಯುವ ಕೋಡು ಗ್ರಾಹಕರು ಸಿಗದಿದ್ದರೆ ಹೊಸದಾಗಿ ನೋಂದಾಯಿಸುತ್ತಿತ್ತು. ಒಂದು ಮಧ್ಯಾಹ್ನ ಡೇಟಾಬೇಸ್ ನಿಧಾನವಾಗಿ, ಓದುವ ಸಂಪರ್ಕಗಳು ಕಾದು ಕಾದು ಕಡಿಯುತ್ತಿದ್ದವು, ಬರೆಯುವವು ಮಾತ್ರ ಹೇಗೋ ನಡೆಯುತ್ತಿದ್ದವು. ಸಂಜೆಯ ಹೊತ್ತಿಗೆ ಇದ್ದ ಗ್ರಾಹಕರೇ ಎರಡೆರಡು ಸಲ ನೋಂದಣಿಯಾಗಿದ್ದರು, ಪಾವತಿಗಳು ಹೊಸ ಖಾತೆಗಳಿಗೆ ಹೋಗಿದ್ದವು. ಅವುಗಳನ್ನು ಒಂದೊಂದಾಗಿ ಕೂಡಿಸಿ ಸರಿಪಡಿಸುವುದರಲ್ಲಿ ನಮ್ಮ ತಂಡದ ಮೂರು ವಾರ ಕಳೆಯಿತು. ಆ ಮೆಥಡ್ ಹೇಳಬೇಕಾಗಿದ್ದದ್ದು ‘ನೋಡಲು ಆಗಲಿಲ್ಲ’ ಎಂದು, ಹೇಳಿದ್ದು ‘ನೋಡಿದೆ, ಇಲ್ಲ’ ಎಂದು. ಅಂದಿನಿಂದ ನಾನು ಕೋಡ್ ರಿವ್ಯೂನಲ್ಲಿ ಎಕ್ಸೆಪ್ಷನ್ ಹಿಡಿಯುವ ಕ್ಯಾಚ್ ಬ್ಲಾಕಿನ ಒಳಗೆ ಖಾಲಿ ಲಿಸ್ಟನ್ನೋ ಖಾಲಿ ಆಪ್ಷನಲ್ಲನ್ನೋ ಹಿಂದಿರುಗಿಸುವ ಸಾಲು ಕಂಡರೆ ಮುಂದೆ ಓದುವುದನ್ನು ನಿಲ್ಲಿಸಿ ಬರೆದವರನ್ನು ಕರೆಯುತ್ತೇನೆ. ಹೊರಗಿನ ಜಗತ್ತಿಗೂ ಈ ಭೇದ ತಿಳಿಯಲಿ: ವೆಬ್ ಸೇವೆಯಾದರೆ ಸದಸ್ಯರು ಇಲ್ಲದಿದ್ದಾಗ 404 (‘ಸಿಗಲಿಲ್ಲ’ ಎಂಬ ವೆಬ್ ಸಂಕೇತ), ಡೇಟಾಬೇಸ್ ಎಟುಕದಿದ್ದಾಗ 503 (‘ಸೇವೆ ಸದ್ಯ ಲಭ್ಯವಿಲ್ಲ’), ಲೇಖಕರ ಹೆಸರಿಗೆ ಒಂದೂ ಪುಸ್ತಕ ಹೊಂದದಿದ್ದಾಗ 200 (‘ಸರಿಯಾಯಿತು’) ಮತ್ತು ಖಾಲಿ ಲಿಸ್ಟ್.

ನೀವು ಕೇಳದಿದ್ದರೂ ಕನ್ನಡ ಪುಸ್ತಕಾಲಯದ ಸಾಫ್ಟ್‌ವೇರ್ ಎಂಬ ಕಾರಣಕ್ಕೆ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ನಿಮ್ಮಲ್ಲಿ ಬರುವ ‘ಇಲ್ಲ’ಗಳಲ್ಲಿ ಹಲವು ಸುಳ್ಳು ‘ಇಲ್ಲ’ಗಳಾಗಿರುವ ಸಂಭವ ಬಹಳ. ರಾವ್ ಎಂಬ ಹೆಸರನ್ನು ಬೆರಳಚ್ಚು ಮಾಡುವಾಗ ಕೆಲವು ಕೀಲಿಮಣೆ ತಂತ್ರಾಂಶಗಳು ಕೊನೆಯ ಅರ್ಧಾಕ್ಷರದ ನಂತರ ಜೀರೋ ವಿಡ್ತ್ ನಾನ್ ಜಾಯಿನರ್ ಎಂಬ ಕಾಣದ ಅಕ್ಷರವನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ, ಜಾವಾದ ಈಕ್ವಲ್ಸ್ ಮೆಥಡಿಗೆ ಎರಡೂ ಬೇರೆ ಬೇರೆ ಸ್ಟ್ರಿಂಗ್‌ಗಳು. ಟ್ರಿಮ್ ಮಾಡಿದರೂ ಅದು ಹೋಗುವುದಿಲ್ಲ, ಏಕೆಂದರೆ ಅದು ಖಾಲಿ ಜಾಗವೆಂದು ಎಣಿಕೆಯಾಗುವುದಿಲ್ಲ. ಗೋ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡುಗಳಾಗಿಯೂ ಬರೆಯಬಹುದು. ಜಾವಾದ ನಾರ್ಮಲೈಜರ್ ಕ್ಲಾಸಿನಿಂದ ಎನ್‌ಎಫ್‌ಸಿ (ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸಿದ ಯೂನಿಕೋಡ್ ರೂಪ) ರೂಪಕ್ಕೆ ತಂದರೆ ಈ ಎರಡನೆಯ ತೊಂದರೆ ನೀಗುತ್ತದೆ, ಮೊದಲನೆಯದು ನೀಗುವುದಿಲ್ಲ. ಆದ್ದರಿಂದ ಶೀರ್ಷಿಕೆ ಮತ್ತು ಹೆಸರುಗಳ ಜೊತೆಗೆ ಹುಡುಕಾಟಕ್ಕೆಂದೇ ಪ್ರತ್ಯೇಕ ಕಾಲಮ್ ಇಟ್ಟು, ಎನ್‌ಎಫ್‌ಸಿಗೆ ತಂದು ಕಾಣದ ಜೋಡಕಗಳನ್ನು ತೆಗೆದ ರೂಪವನ್ನು ಅಲ್ಲಿ ಉಳಿಸಿ. ಓದುಗರು ಕೇಳಿದ ಪದವನ್ನೂ ಅದೇ ಮೆಥಡಿನಿಂದ ಹಾಯಿಸಿ ಹೋಲಿಸಿ. ಮೂಲ ಶೀರ್ಷಿಕೆಯಿಂದ ಮಾತ್ರ ಅವನ್ನು ತೆಗೆಯಬೇಡಿ. ರಾಜ್‌ಕುಮಾರ್ ಎಂಬ ಹೆಸರಿನ ನಡುವೆ ಅದಿಲ್ಲದಿದ್ದರೆ ಅಕ್ಷರಗಳು ಒತ್ತಾಗಿ ಕೂಡಿಕೊಂಡು ರಾಜ್ಕುಮಾರ್ ಎಂದು ಕಾಣುತ್ತದೆ. ಪುಸ್ತಕಾಲಯದವರು ಹಳೆಯ ಪಟ್ಟಿಯನ್ನು ನುಡಿ ಅಥವಾ ಬರಹದ ಯೂನಿಕೋಡ್ ಪೂರ್ವದ ಫಾಂಟ್‌ಗಳಲ್ಲಿ ಮಾಡಿಟ್ಟಿದ್ದರೆ ಅದನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಅಲ್ಲಿ ಕನ್ನಡದಂತೆ ಕಾಣುವುದು ಒಳಗೆ ಕನ್ನಡವೇ ಆಗಿರುವುದಿಲ್ಲ.

ಎಲ್ಲಿಂದ ಶುರುಮಾಡಬೇಕು ಎಂದರೆ, ಎಲ್ಲವನ್ನೂ ಒಂದೇ ವಾರದಲ್ಲಿ ಬದಲಾಯಿಸಲು ಹೋಗಬೇಡಿ. ಸದಸ್ಯತ್ವ ಸಂಖ್ಯೆಯಿಂದ ಹುಡುಕುವ ಮೆಥಡನ್ನು ಮೊದಲು ಹಿಡಿಯಿರಿ, ಅದರ ಹಿಂದಿರುಗುವ ಟೈಪನ್ನು ಆಪ್ಷನಲ್ ಮಾಡಿ. ಕಂಪೈಲರ್ ತೋರಿಸುವ ಪ್ರತಿಯೊಂದು ಕೆಂಪು ಸಾಲಿನ ಎದುರೂ ಮೂವರೂ ಕುಳಿತು ‘ಇಲ್ಲಿ ಸದಸ್ಯರು ಇಲ್ಲದಿದ್ದರೆ ಅದು ಸಹಜವೋ, ತಪ್ಪೋ’ ಎಂದು ಕೇಳಿಕೊಳ್ಳಿ. ಸಹಜವಾದರೆ ಎರಡೂ ದಾರಿ ಬರೆಯಿರಿ, ತಪ್ಪಾದರೆ ‘ತಾ’ ಮೆಥಡಿಗೆ ತಿರುಗಿಸಿ. ಪ್ರತಿ ಹುಡುಕಾಟಕ್ಕೂ ಮೂರು ಟೆಸ್ಟ್ ಬರೆಯಿರಿ: ಸಿಕ್ಕಾಗ, ಸಿಗದಾಗ, ಡೇಟಾಬೇಸೇ ಕೈಕೊಟ್ಟಾಗ. ನೀವು ಮೂವರೂ ಮೂರನೆಯದನ್ನು ಇದುವರೆಗೆ ಬರೆದಿರಲಾರಿರಿ ಎಂದು ನನ್ನ ಊಹೆ, ಅದನ್ನೇ ಮೊದಲು ಬರೆಯಿರಿ.